ಸ್ಪ್ರೇ ಎಂಬುದು ಔಷಧಿಯ ಹೆಸರಲ್ಲ

ನಮಸ್ಕಾರ. ಮೈಗ್ರೇನ್‌ಗೆ ಮೂಗಿನ ಸ್ಪ್ರೇ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ನೆಗಡಿಯಾದಾಗ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಮೂಗಿಗೆ ಬಿಟ್ಟುಕೊಳ್ಳುವ ಪುಟ್ಟ ಬಾಟಲಿ. ನನ್ನ ತಕರಾರು ಇರುವುದು ಆ ಸಲುಗೆಯ ಬಗ್ಗೆಯೇ.

ಮೈಗ್ರೇನ್ ಬಂದಾಗ ಜಠರದ ಕೆಲಸ ಮಂದವಾಗುತ್ತದೆ, ಜೊತೆಗೆ ವಾಂತಿ. ಆದ್ದರಿಂದ ನುಂಗಿದ ಗುಳಿಗೆ ಹೊಟ್ಟೆಯಲ್ಲೇ ಉಳಿಯುತ್ತದೆ, ಇಲ್ಲವೇ ಹೊರಗೆ ಬರುತ್ತದೆ. ಮೂಗಿನ ದಾರಿ ಹಿಡಿದದ್ದು ಇದಕ್ಕಾಗಿ. ಆದರೆ ದಾರಿ ಬದಲಾದ ಮಾತ್ರಕ್ಕೆ ಔಷಧಿ ಸೌಮ್ಯವಾಗುವುದಿಲ್ಲ. ಅಮೆರಿಕದಲ್ಲಿ 1997ರಲ್ಲಿ ಸ್ಪ್ರೇ ರೂಪದಲ್ಲಿ ಅನುಮತಿ ಪಡೆದ ಸುಮಾಟ್ರಿಪ್ಟಾನ್, ತಲೆಯ ರಕ್ತನಾಳಗಳನ್ನು ಕುಗ್ಗಿಸುವ ಔಷಧಿ. ಹೃದಯದ ರಕ್ತನಾಳಗಳನ್ನೂ ಅದು ಒಂದಿಷ್ಟು ಕುಗ್ಗಿಸಬಲ್ಲದು. ಆದ್ದರಿಂದಲೇ ಹೃದಯಾಘಾತ, ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು) ಅಥವಾ ಪಾರ್ಶ್ವವಾಯು ಆದವರಿಗೂ ಬಿ.ಪಿ. ಹತೋಟಿಯಲ್ಲಿ ಇಲ್ಲದವರಿಗೂ ಇದು ನಿಷಿದ್ಧ. ಸಕ್ಕರೆ ಕಾಯಿಲೆ, ಧೂಮಪಾನ, ಕೊಲೆಸ್ಟರಾಲ್ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಜೊತೆಯಾಗಿರುವವರು ಮೊದಲು ಹೃದಯದ ತಪಾಸಣೆ ಮಾಡಿಸಿಕೊಳ್ಳಬೇಕು, ಮೊದಲ ಡೋಸನ್ನು ವೈದ್ಯರ ಎದುರಿನಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು. ತಂಗಿಗೆ ಬರೆದುಕೊಟ್ಟ ಸ್ಪ್ರೇಯನ್ನು ಅಣ್ಣ ಎತ್ತಿಕೊಳ್ಳುವ ಮನೆಯಲ್ಲಿ ಈ ತಪಾಸಣೆ ನಡೆಯುವುದಾದರೂ ಯಾವಾಗ?

ಸಾಮಾನ್ಯ ಅಡ್ಡಪರಿಣಾಮಗಳಲ್ಲಿ ಹೆಚ್ಚು ಜನ ದೂರುವುದು ಕಹಿಯನ್ನು. ಸಿಂಪಡಿಸಿದ ಮೇಲೆ ತಲೆಯನ್ನು ಹಿಂದಕ್ಕೆ ವಾಲಿಸಿ ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗಿಳಿಯುತ್ತದೆ; ತಲೆ ನೇರವಾಗಿಟ್ಟು ಮೆಲ್ಲಗೆ ಉಸಿರೆಳೆದರೆ ಸಾಕು. ವಾಕರಿಕೆ, ಮೂಗಿನಲ್ಲಿ ಉರಿ, ಜೋಮು, ಮಂಪರು ಕೂಡ ಬರಬಹುದು, ಮಂಪರಿದ್ದರೆ ಗಾಡಿ ಓಡಿಸಬಾರದು. ಕುತ್ತಿಗೆ, ದವಡೆ, ಎದೆ ಬಿಗಿದಂತಾಗುವುದು ಬಹುಮಟ್ಟಿಗೆ ಹೃದಯಕ್ಕೆ ಸಂಬಂಧಿಸಿದ್ದಲ್ಲ. ಆದರೂ ಎದೆನೋವು ತೀವ್ರವಾಗಿದ್ದರೆ ಅದನ್ನು ಗ್ಯಾಸ್ ಎಂದು ತೀರ್ಮಾನಿಸಿ ಮಲಗದೆ ಆಸ್ಪತ್ರೆಗೆ ಹೋಗಬೇಕು.

ಸುಮಾಟ್ರಿಪ್ಟಾನ್‌ನ 20 ಮಿ.ಗ್ರಾಂ. ಸ್ಪ್ರೇಯಲ್ಲಿ ಇರುವುದು ಒಂದೇ ಡೋಸ್. ಬರುತ್ತದೆಯೋ ಇಲ್ಲವೋ ಎಂದು ಗಾಳಿಯಲ್ಲಿ ಒತ್ತಿ ನೋಡಿದರೆ ಅದು ಮುಗಿದೇಹೋಗುತ್ತದೆ. ನೋವು ತಗ್ಗಿ ಮರುಕಳಿಸಿದರೆ ಕನಿಷ್ಠ 2 ಗಂಟೆ ಬಿಟ್ಟು ಇನ್ನೊಂದು. ವಯಸ್ಕರಿಗೆ 24 ಗಂಟೆಗಳಲ್ಲಿ 40 ಮಿ.ಗ್ರಾಂ. ಮೀರಬಾರದು. ಖಿನ್ನತೆಗೆ ಗುಳಿಗೆ ತೆಗೆದುಕೊಳ್ಳುತ್ತಿರುವವರು ಆ ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು, ಏಕೆಂದರೆ ಕೆಲವು ಗುಳಿಗೆಗಳ ಜೊತೆ ಸಿರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಅತಿಯಾಗುವ ಅಪಾಯವಿದೆ. ಅಪರೂಪ, ಆದರೆ ಗಂಭೀರ.

ಮೈಗ್ರೇನ್‌ನ ಇನ್ನೊಂದು ಔಷಧಿ ಡೈಹೈಡ್ರೊಎರ್ಗೊಟಮೈನ್ ಕೂಡ ಸ್ಪ್ರೇಯಾಗಿಯೇ ಸಿಗುತ್ತದೆ. ಅದರ ಜೊತೆ ಕ್ಲಾರಿತ್ರೊಮೈಸಿನ್‌ನಂಥ ಆಂಟಿಬಯೋಟಿಕ್ ಸೇರಿದರೆ ಕೈಕಾಲುಗಳಿಗೂ ಮಿದುಳಿಗೂ ರಕ್ತ ಕಡಿಮೆಯಾಗುವಷ್ಟು ಅಪಾಯ. ಟ್ರಿಪ್ಟಾನ್ (ಸುಮಾಟ್ರಿಪ್ಟಾನ್ ಮತ್ತು ಅದೇ ಗುಂಪಿನ ಔಷಧಿಗಳು) ಬಳಸಿದ 24 ಗಂಟೆಗಳೊಳಗೆ ಅದನ್ನು ಮುಟ್ಟುವಂತಿಲ್ಲ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಜಾವೆಜಪ್ಯಾಂಟ್ ಎಂಬ ಮೈಗ್ರೇನ್ ಸ್ಪ್ರೇ ಬೇರೆಯೇ ಬಗೆಯದು. ಅದು ಮುಖ್ಯವಾಗಿ ಬಾಯಿರುಚಿ ಕೆಡಿಸುತ್ತದೆ. ವೈದ್ಯರ ಮುಂದೆ "ಸ್ಪ್ರೇ ಹಾಕಿಕೊಂಡೆ" ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಇನ್ನೊಂದು ಲೆಕ್ಕವಿದೆ. ತಿಂಗಳಲ್ಲಿ 10 ಅಥವಾ ಹೆಚ್ಚು ದಿನ ಟ್ರಿಪ್ಟಾನ್ ಬಳಸುತ್ತಾ ಹೋದರೆ ಔಷಧಿಯೇ ತಲೆನೋವು ತರಲು ಆರಂಭಿಸಬಹುದು. ಹಾಲಿನ ಲೆಕ್ಕ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ಸ್ಪ್ರೇ ಬಳಸಿದ ದಿನಗಳನ್ನೂ ಗುರುತಿಸಿ, ಮುಂದಿನ ಭೇಟಿಯಲ್ಲಿ ಆ ಹಾಳೆಯನ್ನು ವೈದ್ಯರ ಮೇಜಿನ ಮೇಲಿಡಿ.