ಔಷಧ ಹುಡುಕುವವರು ಯಾಕೆ ಒಂದೆಡೆ ಸೇರಬೇಕು?

ಕೇಳುಗರೇ, ನಮಸ್ಕಾರ.

1921ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರಜ್ಞರ ಸಮ್ಮೇಳನ ನಡೆಯಿತು. ಕೆನಡಾದ ಟೊರಾಂಟೊದಿಂದ ಬಂದಿದ್ದ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ವೈದ್ಯರು ಅಲ್ಲಿ ಮಾತಾಡಿದರು. ಮೇದೋಜೀರಕ ಗ್ರಂಥಿಯ ಸಾರವನ್ನು ಚುಚ್ಚಿದಾಗ ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ರಕ್ತದ ಸಕ್ಕರೆ ಇಳಿಯಿತು ಎಂಬುದು ಅವರ ವಿಷಯ. ಭಾಷಣ ಚೆನ್ನಾಗಿರಲಿಲ್ಲ. ಸಭೆಯವರು ಬಿಡದೆ ಪ್ರಶ್ನೆ ಕೇಳಿದರು. ಬ್ಯಾಂಟಿಂಗ್ ತಡವರಿಸಿದರು. ಕೊನೆಗೆ ಅವರ ಪ್ರೊಫೆಸರ್ ಮ್ಯಾಕ್ಲಿಯಾಡ್ ಎದ್ದು ಉತ್ತರ ಹೇಳಬೇಕಾಯಿತು.

ಆದರೆ ಆ ಸಭೆಯಲ್ಲಿ ಈಲೈ ಲಿಲ್ಲಿ ಎಂಬ ಔಷಧ ಕಂಪನಿಯ ಸಂಶೋಧಕ ಜಾರ್ಜ್ ಕ್ಲೋಸ್ ಕೂತಿದ್ದರು. ಇದನ್ನು ಜಾಸ್ತಿ ಪ್ರಮಾಣದಲ್ಲಿ ತಯಾರಿಸಲು ನಾವು ಕೈಜೋಡಿಸಬಹುದೇ ಎಂದು ಅವರು ವಿಚಾರಿಸಿದರು. ಟೊರಾಂಟೊದವರು ಆಗ ಒಪ್ಪಲಿಲ್ಲ. ಮರುವರ್ಷ ಆ ಸಾರವನ್ನು, ಅಂದರೆ ಇನ್ಸುಲಿನ್ ಅನ್ನು, ಬೇಕಾದಷ್ಟು ತಯಾರಿಸಲಾಗದೆ ಒದ್ದಾಡಿದಾಗ ಅದೇ ಪರಿಚಯ ಕೆಲಸಕ್ಕೆ ಬಂತು.

ಈಗ 1929ರ ಫೆಬ್ರವರಿಗೆ ಬನ್ನಿ. ಲಂಡನ್ನಿನಲ್ಲಿ ವೈದ್ಯಕೀಯ ಸಂಶೋಧಕರ ಒಂದು ಕ್ಲಬ್. ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಬಗ್ಗೆ ಹೇಳಿದರು. ಅವರೂ ಒಳ್ಳೆಯ ಮಾತುಗಾರರಲ್ಲ. ಮಾತು ಮುಗಿದ ಮೇಲೆ ಯಾರೂ ಏನನ್ನೂ ಕೇಳಲಿಲ್ಲ. ಫ್ಲೆಮಿಂಗ್‌ಗೆ ಬೇಕಿದ್ದದ್ದು ಆ ವಸ್ತುವನ್ನು ಶುದ್ಧ ಮಾಡಿಕೊಡಬಲ್ಲ ರಸಾಯನ ತಜ್ಞರು. ಆ ಸಭೆಯಲ್ಲಿ ಅಂಥ ಮಾತೇ ಏಳಲಿಲ್ಲ. ಸುಮಾರು ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡಿನಲ್ಲಿ ಅರ್ನ್‌ಸ್ಟ್ ಚೈನ್ ಎಂಬ ಜೀವರಸಾಯನ ತಜ್ಞರು ಹಳೆಯ ಲೇಖನಗಳನ್ನು ಓದುವಾಗ ಫ್ಲೆಮಿಂಗ್ ಬರೆದದ್ದು ಕಣ್ಣಿಗೆ ಬಿತ್ತು. ಅಚ್ಚಾದ ಲೇಖನಕ್ಕೂ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಓದುಗರಿಗಾಗಿ ಕಾಯುತ್ತಾ ಕೂರುತ್ತದೆ.

ಎರಡೂ ಕಡೆ ಭಾಷಣ ಸಪ್ಪೆಯೇ. ವ್ಯತ್ಯಾಸ ಇದ್ದದ್ದು ಕೇಳುತ್ತಾ ಕೂತವರಲ್ಲಿ. ಸಮ್ಮೇಳನ ಅಂದರೆ ವೇದಿಕೆ ಮೇಲಿನ ದೊಡ್ಡ ಹೆಸರು ಎಂದುಕೊಳ್ಳುತ್ತೇವೆ. ನಾನಾದರೆ ಮೊದಲು ಕುರ್ಚಿಗಳ ಕಡೆ ನೋಡುತ್ತೇನೆ.

ಔಷಧ ರಸಾಯನ ತಜ್ಞರಿಗಂತೂ ಇದು ತುಂಬಾ ಮುಖ್ಯ. ಅವರ ಕೆಲಸ ಒಂದು ಅಣುವನ್ನು ಮತ್ತೆ ಮತ್ತೆ ತಿದ್ದುವುದು. ಇಲ್ಲೊಂದು ಫ್ಲೋರಿನ್ ಸೇರಿಸು, ಅಲ್ಲೊಂದು ಪರಮಾಣುಗಳ ಉಂಗುರ ಬದಲಿಸು. ಹೀಗೆ ನೂರಾರು, ಕೆಲವೊಮ್ಮೆ ಸಾವಿರಾರು ಅಣುಗಳು. ರೋಗದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿದರೆ ಸಾಲದು. ನೀರಿನಲ್ಲಿ ಕರಗಬೇಕು. ಯಕೃತ್ತು ಅದನ್ನು ಬೇಗ ಒಡೆದು ಹಾಕಬಾರದು. ಹೃದಯದ ಬಡಿತ ಕಾಯುವ ಪೊಟ್ಯಾಸಿಯಂ ಚಾನೆಲ್, ಅಂದರೆ ಜೀವಕೋಶದಿಂದ ಪೊಟ್ಯಾಸಿಯಂ ಹಾದುಹೋಗುವ ದಾರಿ, ಒಂದಿದೆ, ಹೆರ್ಗ್ ಅಂತ. ಅದಕ್ಕೆ ಅಡ್ಡ ಬರಬಾರದು. ಟರ್ಫೆನಡಿನ್ ಎಂಬ ಅಲರ್ಜಿ ಔಷಧ ಬಡಿತದ ಲಯ ಕೆಡಿಸುವ ಅಪಾಯದಿಂದಲೇ 1990ರ ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆ ಬಿಟ್ಟಿತು. ಇಷ್ಟೆಲ್ಲ ಒಬ್ಬರಿಗೇ ಗೊತ್ತಿರಲು ಸಾಧ್ಯವೇ? ಪಕ್ಕದಲ್ಲಿ ಜೀವಶಾಸ್ತ್ರದವರು, ವಿಷವಿಜ್ಞಾನದವರು, ರೋಗಿಗಳನ್ನು ನೋಡುವ ಡಾಕ್ಟರು ಬೇಕು.

ಇನ್ನೊಂದು ವಿಷಯ. ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಗೆದ್ದ ಅಣುಗಳ ಕತೆ. ಸೋತದ್ದು ಲ್ಯಾಬಿನ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಸಮ್ಮೇಳನದಲ್ಲಿ ತಮ್ಮ ಕೆಲಸವನ್ನು ಹಾಳೆಯ ಮೇಲೆ ಬರೆದು ತೂಗುಹಾಕಿದ ಪೋಸ್ಟರ್ ಮುಂದೆ ನಿಂತಾಗ ಮಾತ್ರ ಯಾರೋ ಹೇಳುತ್ತಾರೆ: "ಆ ಉಂಗುರ ನಾವೂ ಹಾಕಿ ನೋಡಿದ್ವಿ, ಇಲಿಯ ರಕ್ತದಲ್ಲಿ ಒಂದು ಗಂಟೆಯೂ ನಿಲ್ಲಲಿಲ್ಲ." ಆ ಒಂದು ಮಾತಿನಿಂದ ಇನ್ನೊಂದು ಲ್ಯಾಬಿನ ತಿಂಗಳುಗಳ ದುಡಿಮೆ ಉಳಿಯಬಹುದು.

1931ರಲ್ಲಿ ಶುರುವಾದ, ಗಾರ್ಡನ್ ಸಮ್ಮೇಳನಗಳು ಎಂಬ ವಿಜ್ಞಾನಿಗಳ ಸಭೆಗಳ ನಿಯಮ ನನಗೆ ಇಷ್ಟ. ಅಲ್ಲಿ ಕೇಳಿದ್ದನ್ನು ಹೊರಗೆ ಪ್ರಕಟಿಸುವಂತಿಲ್ಲ. ಸ್ಲೈಡಿನ ಫೋಟೋ ತೆಗೆಯುವಂತಿಲ್ಲ. ಮಧ್ಯಾಹ್ನ ಭಾಷಣವೇ ಇಲ್ಲ, ಸುಮ್ನೆ ತಿರುಗಾಡಿಕೊಂಡು ಮಾತಾಡಿ ಅನ್ನುತ್ತಾರೆ. ಅದಕ್ಕೇ ಜನ ಅರ್ಧ ಮುಗಿದ ಕೆಲಸವನ್ನೂ ತೋರಿಸುತ್ತಾರೆ. ವಿಜ್ಞಾನದಲ್ಲಿ ಗುಟ್ಟು ಯಾಕೆ ಎಂದು ಯಾರಾದರೂ ಕೇಳಿಯಾರು. ಪೇಟೆಂಟ್ ಭಯ ಇರುವ ಕಡೆ ಬಾಯಿ ಬಿಡಿಸಲು ಇಷ್ಟಾದರೂ ಬೇಕಲ್ವಾ?

ರಸಾಯನ ತಜ್ಞರ ಸಂಘವಾದ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಮನುಷ್ಯರ ಮೇಲೆ ಪರೀಕ್ಷೆಗೆ ಹೋಗಿರುವ ಅಣುಗಳ ರಚನೆಯನ್ನು ಮೊದಲ ಬಾರಿ ಬಿಚ್ಚಿಡಲೆಂದೇ ಅಲ್ಲೊಂದು ಗೋಷ್ಠಿ ಇದೆ. ಕ್ಯಾನ್ಸರಿಗೆ ಕಾರಣವಾಗುವ ಕೆ-ರಾಸ್ ಎಂಬ ಪ್ರೋಟೀನಿಗೆ ಔಷಧ ಸಾಧ್ಯವೇ ಇಲ್ಲ ಎಂದು ಮೂರು ದಶಕ ಹೇಳುತ್ತಿದ್ದರು. 2013ರಲ್ಲಿ ಸಂಶೋಧಕ ಕೆವನ್ ಶೋಕಟ್ ಅವರ ತಂಡ ಅದರಲ್ಲೊಂದು ಸಣ್ಣ ಪೊಟರೆ ತೋರಿಸಿತು. 2019ರಲ್ಲಿ ಆರ್ಲ್ಯಾಂಡೊದಲ್ಲಿ ನಡೆದ ಈ ಸೊಸೈಟಿಯ ಸಭೆಯಲ್ಲಿ ಆಮ್ಜೆನ್ ಎಂಬ ಔಷಧ ಕಂಪನಿ ಆ ಪೊಟರೆಗೆ ಕೂರುವ ತನ್ನ ಅಣುವಿನ ರಚನೆ ತೋರಿಸಿತು. 2021ರಲ್ಲಿ ಅದೇ ಸೊಟೊರಾಸಿಬ್ ಎಂಬ ಔಷಧವಾಗಿ ಒಪ್ಪಿಗೆ ಪಡೆಯಿತು. ರಚನೆ ಪರದೆಯ ಮೇಲೆ ಬಂದ ಕ್ಷಣದಿಂದ ಬೇರೆಯವರೂ ಅದನ್ನು ಬಿಡಿಸಿಕೊಂಡು, ಎಲ್ಲಿ ಸುಧಾರಿಸಬಹುದು ಎಂದು ಯೋಚಿಸಬಹುದು.

ಕೋವಿಡ್ ಕಾಲದಲ್ಲಿ ಸಭೆಗಳು ಆನ್‌ಲೈನ್ ಆದವು. 2021ರ ಏಪ್ರಿಲ್‌ನಲ್ಲಿ ಫೈಜರ್ ತನ್ನ ಕೋವಿಡ್ ಮಾತ್ರೆಯ ಅಣುವನ್ನು ತೋರಿಸಿದ್ದೂ ಹಾಗೆಯೇ. ಪ್ರಯಾಣಕ್ಕೆ ದುಡ್ಡಿಲ್ಲದ, ವೀಸಾ ಸಿಗದ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಈ ಬಾಗಿಲು ಮುಚ್ಚಬಾರದು. ಆದರೆ ಮಾತು ಮುಗಿದ ಕೂಡಲೇ ಪರದೆ ಆರಿಹೋಗುತ್ತದೆ. ಹೊರಗೆ ನಡೆದು ಬರುವಾಗ ಒಬ್ಬರನ್ನು ತಡೆದು ಕೇಳುವ ಪ್ರಶ್ನೆಗೆ ಅಲ್ಲಿ ಜಾಗ ಕಮ್ಮಿ.

ಎಲ್ಲ ಸಮ್ಮೇಳನವೂ ಹೋಗಲು ಯೋಗ್ಯವಲ್ಲ. ಶುಲ್ಕ ಕಟ್ಟಿಸಿಕೊಳ್ಳಲೆಂದೇ ಇಮೇಲ್ ಕಳಿಸುವ ಬೋಗಸ್ ಸಂಘಟಕರು ಬೇಕಾದಷ್ಟಿದ್ದಾರೆ. ಒಂದೇ ಹೊತ್ತಿಗೆ ಹತ್ತು ಸಭಾಂಗಣಗಳಲ್ಲಿ ಭಾಷಣ ಇಟ್ಟರೆ ಯಾರಿಗೂ ಏನೂ ದಕ್ಕುವುದಿಲ್ಲ. ಸಂಘಟಿಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಭಾಷಣಗಳನ್ನು ಕಡಿಮೆ ಮಾಡಿ, ಪೋಸ್ಟರುಗಳಿಗೆ ಪೂರ್ತಿ ಸಂಜೆ ಬಿಡಿ. ರಸಾಯನ ತಜ್ಞರ ಸಭೆಗೆ ಡಾಕ್ಟರನ್ನೂ ವಿಷವಿಜ್ಞಾನಿಗಳನ್ನೂ ಕರೆಯಿರಿ, ಭಾಷಣಕ್ಕಲ್ಲ, ಕೇಳುವುದಕ್ಕೆ.

ನಮಸ್ಕಾರ.