ಹಳೇ ಮೆಸೇಜಿಗೆ ಈಗ ರಿಪ್ಲೈ ಮಾಡಿದ್ರ ತಪ್ಪೇನ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಬಾಗಲಕೋಟಿ ನವನಗರದಿಂದ ಮಾತಾಡಾಕತ್ತೀನಿ. ಇವತ್ತಿನ ವಿಷಯ ಜಮಖಂಡಿ ಕಡೆಯ ಒಬ್ಬ ಕಬ್ಬಿನ ರೈತರು ಕಳಿಸಿದ ಪ್ರಶ್ನೆ. ಅವರು ಬರದಂಗ ಓದ್ತೀನಿ, ಕೇಳ್ರಿ.

[ಪರದೆ ಮೇಲೆ: ವೀಕ್ಷಕರ ಪ್ರಶ್ನೆ]

"ಅಕ್ಕಾರ, ನಮ್ಮ ರೈತರ ಗ್ರೂಪಿನಾಗ ಕಬ್ಬಿನ ಬೇರು ತಿನ್ನೋ ಗೊಣ್ಣಿ ಹುಳದ ಬಗ್ಗೆ ಹೊಸದಾಗಿ ಕೇಳಿದ್ರ 'ಇದು ಆಗಲೇ ಚರ್ಚೆ ಆಗೇತಿ, ಮ್ಯಾಲ ಹೋಗಿ ನೋಡಪಾ' ಅಂತಾರ. ಹುಡುಕಿ 2019ರ ಮೆಸೇಜ್ ತಗದು, ಅದಕ್ಕ ರಿಪ್ಲೈ ಮಾಡಿ ಕೇಳಿದ್ರ 'ಹಳೇದನ್ನ ಯಾಕ ಕೆದರತಿ' ಅಂತಾರ. ಹಂಗಾದ್ರ ನಾ ಎಲ್ಲಿ ಕೇಳ್ಲಿ?"

ಎಷ್ಟು ಚೊಲೋ ಪ್ರಶ್ನೆ ನೋಡ್ರಿ. ಎರಡೂ ಕಡೆ ಬೈಯೋರು ಒಂದೇ ಗ್ರೂಪಿನವರು, ಎರಡೂ ಮಾತಿಗೆ ಒಂದೊಂದು ಕಾರಣ ಐತಿ. ಮತ್ತ ಇದು ಜಮಖಂಡಿಯೊಳಗ ಹುಟ್ಟಿದ ಜಗಳ ಅಲ್ಲ. ಮಂದಿ ಇಂಟರ್ನೆಟ್ಟಿನಾಗ ಕೂಡಿ ಮಾತಾಡಾಕ ಸುರು ಮಾಡಿದಾಗಿಂದ ನಡದು ಬಂದದ್ದು.

ಹಿನ್ನೆಲೆ ಬೇಗ ಮುಗಸ್ತೀನಿ. 1980ರಾಗ ಅಮೆರಿಕಾದ ಎರಡು ವಿಶ್ವವಿದ್ಯಾಲಯಗಳ ನಡುವ ಯೂಸ್‌ನೆಟ್ ಅನ್ನೋ ಚರ್ಚೆಯ ಜಾಲ ಸುರು ಆತು. ಆಮ್ಯಾಲ ವೆಬ್ ಬಂತು, ಫೋರಂ ಅಂದ್ರ ವಿಷಯಕ್ಕೊಂದು ಚರ್ಚೆ ನಡಿಯೋ ಜಾಲತಾಣ ಬಂದವು, ಈಗ ನಮ್ಮ ಕೈಯಾಗ ವಾಟ್ಸಾಪ್ ಐತಿ. ಫೋರಂನಾಗ ವಿಷಯಗಳ ಒಂದು ಪಟ್ಟಿ ಇರತೈತಿ. ಆ ಪಟ್ಟಿ ಸಾಮಾನ್ಯವಾಗಿ ವಿಷಯ ಹುಟ್ಟಿದ ತಾರೀಖಿನ ಪ್ರಕಾರ ಇರೂದಿಲ್ಲ, ಕೊನೇ ಉತ್ತರ ಬಂದ ವೇಳೆ ಪ್ರಕಾರ ಇರತೈತಿ. ತಹಶೀಲ್ದಾರ್ ಕಚೇರಿಯ ಕಡತದ ಗುಡ್ಡಿ ನೆನಪ ಮಾಡ್ಕೊಳ್ರಿ. ಯಾವ ಕಡತಕ್ಕ ಇವತ್ತ ಒಂದು ಚೀಟಿ ಅಂಟಸ್ತೀರೋ ಅದು ಮ್ಯಾಲ ಬಂತು, ಉಳದದ್ದು ಒಂದೊಂದು ಮೆಟ್ಟಿಲು ಕೆಳಗ ಹೋತು. ಹತ್ತು ವರ್ಷದ ಹಳೇ ಕಡತಕ್ಕ ಯಾರೋ "ಹೌದು, ನನ್ನದೂ ಇದೇ ಅಭಿಪ್ರಾಯ" ಅಂತ ಒಂದು ಚೀಟಿ ಅಂಟಿಸಿದ್ರ, ಇವತ್ತ ಮುಂಜಾನೆ ಅರ್ಜಿ ಕೊಟ್ಟವನ ಕಾಗದ ಕೆಳಗ ಬಿತ್ತು. ಸಿಟ್ಟು ಬರೂದು ಅದಕ್ಕ. ಹಳೇದು ಅಂತ ಅಲ್ಲ. ಹೊಸದೇನೂ ತರದೆ ಬ್ಯಾರೆಯವರ ಪಾಳಿ ಕಸಗೊಂಡಾರ ಅಂತ.

ಈಗ ನನಗ ಭಾಳ ಹಿಡಿಸಿದ ಭಾಗಕ್ಕ ಬರತೀನಿ, ಇಲ್ಲಿ ಸ್ವಲ್ಪ ನಿಲ್ಲೂಣು.

ಒಂದೇ ಕೆಲಸಕ್ಕ ಒಂದು ಕಡೆ ಬೀಗ, ಇನ್ನೊಂದು ಕಡೆ ಬಿರುದು! ರೆಡ್ಡಿಟ್ ಅನ್ನೋ ಚರ್ಚೆಯ ಜಾಲತಾಣದಾಗ 2021ರ ತನಕ ಆರು ತಿಂಗಳು ದಾಟಿದ ಪೋಸ್ಟಿಗೆ ಯಾರೂ ಏನೂ ಬರಿಯಾಕ ಬರತಿರಲಿಲ್ಲ, ತಾನಾಗೇ ಬಂದ್ ಆಗತಿತ್ತು. ಆಮ್ಯಾಲ ತೆರದಿಡಬೇಕೋ ಬಂದ್ ಮಾಡಬೇಕೋ ಅನ್ನೂದನ್ನ ಆಯಾ ಸಮುದಾಯಕ್ಕ ಬಿಟ್ರು. ಡಿಸ್ಕೋರ್ಸ್ ಅನ್ನೋ ಫೋರಂ ಸಾಫ್ಟ್‌ವೇರ್ ನಡಬರಕ ನಿಂತೈತಿ: ಸುಮಾರು ಆರು ತಿಂಗಳಿಂದ ಸುಮ್ಮನಿದ್ದ ವಿಷಯಕ್ಕ ಉತ್ತರ ಬರಿಯಾಕ ಹೋದ್ರ ತಡಿಯೂದಿಲ್ಲ, ಆದ್ರ "ಇದು ಇಷ್ಟು ಹಳೇದು, ನೀವು ಬರದ್ರ ಮತ್ತ ಮ್ಯಾಲ ಬರತೈತಿ, ಮುಂದುವರಸ್ತೀರಾ?" ಅನ್ನೋ ಅರ್ಥದಾಗ ಕೇಳತೈತಿ. ಚೊಲೋ ಹಿರೇರು ಕೇಳಿದಂಗ ಐತಿ ಅಲ್ರಿ?

ಇನ್ನ ಸ್ಟ್ಯಾಕ್ ಓವರ್‌ಫ್ಲೋ. ಕಂಪ್ಯೂಟರ್ ಪ್ರೋಗ್ರಾಂ ಬರಿಯೋರ ಪ್ರಶ್ನೋತ್ತರದ ಜಾಗ, 2008ರಾಗ ಸುರು ಆದದ್ದು. ಅಲ್ಲಿ ಒಂದು ಬೆಳ್ಳಿ ಪದಕ ಐತಿ, ಹೆಸರು ನೆಕ್ರೊಮ್ಯಾನ್ಸರ್, ಅಂದ್ರ ಸತ್ತವರನ್ನ ಎಬ್ಬಿಸೋ ಮಂತ್ರವಾದಿ. ಅದು ಯಾರಿಗೆ ಸಿಗತೈತಿ ಗೊತ್ತೇನ್ರಿ? ಪ್ರಶ್ನೆ ಕೇಳಿ 60 ದಿನ ದಾಟಿದ ಮ್ಯಾಲ ಬಂದು ಉತ್ತರ ಬರದು, ಆ ಉತ್ತರಕ್ಕ ಐದು ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದವರಿಗೆ. ಎಲ್ಲಾರೂ ಎದ್ದು ಹೋದ ಮ್ಯಾಲ ಬಂದವನಿಗೆ ಪದಕ!

ಯಾಕ ಹಿಂಗ? ನನಗ ಹೊಳದ ಉತ್ತರ ಹೇಳತೀನಿ. ಆ ಪ್ರಶ್ನೆ ಕೇಳಿದವನ ಸ್ವಂತ ಆಸ್ತಿ ಅಲ್ಲ ಅಂತ ಅಲ್ಲಿಯವರು ಮೊದಲೇ ಒಪ್ಪಿಕೊಂಡಾರ. ಅಂವ ತನ್ನ ಸಮಸ್ಯೆ ಬಗೆಹರಿಸಿಕೊಂಡು ಎಂದೋ ಹೋಗ್ಯಾನ. ಆದ್ರ ಅದೇ ತೊಂದರೆ ಬಂದ ಇನ್ನೊಬ್ಬರು ಗೂಗಲ್‌ನಾಗ ಹುಡುಕಿ ಅದೇ ಪುಟಕ್ಕ ಬರತಾರ, ಅವರಿಗೂ ಉತ್ತರ ಸಿಗಬೇಕು. ರೆಡ್ಡಿಟ್ ಹಂಗಲ್ಲ, ಅದು ಕುಂತ ಮಂದಿಯ ಹರಟಿ. ಮಂದಿ ಎದ್ದು ಹೋದ್ರ ಹರಟಿ ಮುಗೀತು. ಹಿಂಗಾಗಿ ಹಳೇದಕ್ಕ ಕೈ ಹಾಕೂದಕ್ಕಿಂತ ಮುಂಚೆ ಒಂದು ಮಾತು ಕೇಳ್ಕೋಬೇಕು: ಈ ಚರ್ಚೆ ಅವತ್ತ ಇದ್ದವರದೋ, ನಾಳೆ ಬರೋರದೋ? ಗೊಣ್ಣಿ ಹುಳದ ಚರ್ಚೆ ನಾಳೆ ಬರೋರದು. ಯಾರ ಮದುವಿ ಊಟದಾಗ ಏನು ಕಮ್ಮಿ ಬಿತ್ತು ಅನ್ನೂದು ಅವತ್ತಿನವರದು, ಅದನ್ನ ಬಿಟ್ಟುಬಿಡ್ರಿ.

ವಿಕಿಪೀಡಿಯಾದ ಪದ್ಧತಿನೂ ಚೊಲೋ ಐತಿ. ಇಂಗ್ಲಿಷ್ ವಿಕಿಪೀಡಿಯಾದಾಗ ಮುಗದ ಚರ್ಚೆಗಳನ್ನ ಬ್ಯಾರೆ ಪುಟಕ್ಕ ಸರಸ್ತಾರ, ಅದರ ತಲಿ ಮ್ಯಾಲ "ಇಲ್ಲಿ ತಿದ್ದಬ್ಯಾಡ್ರಿ, ಮತ್ತ ಮಾತಾಡೂದಿದ್ರ ಈಗಿನ ಚರ್ಚಾ ಪುಟಕ್ಕ ಬರ್ರಿ" ಅನ್ನೋ ಅರ್ಥದ ಸೂಚನೆ ಇರತೈತಿ. ಹಳೇದು ಅಳಿಯೂದಿಲ್ಲ, ಓದಾಕ ಸಿಗತೈತಿ, ಮಾತು ಮಾತ್ರ ಹೊಸ ಜಾಗದಾಗ.

ಆದ್ರ ನಮ್ಮ ಮಂದಿ ಇರೂದು ವಾಟ್ಸಾಪಿನಾಗ. ಅಲ್ಲಿ ಆರು ತಿಂಗಳ ಬೀಗ ಇಲ್ಲ, ಕೇಳೋ ಹಿರೇರೂ ಇಲ್ಲ. ಅದಕ್ಕ ಒಂದು ಸಣ್ಣ ಸಂಗತಿ ತೋರಸ್ತೀನಿ, ದಯವಿಟ್ಟು ಗಮನ ಕೊಡ್ರಿ.

[ಪರದೆ ಮೇಲೆ: ಮೆಸೇಜನ್ನು ಬೆರಳಿಂದ ಸರಿಸಿ ರಿಪ್ಲೈ ಮಾಡುವ ದೃಶ್ಯ]

ಹಳೇ ಮೆಸೇಜನ್ನ ಬೆರಳಿನಿಂದ ಸರಿಸಿ ರಿಪ್ಲೈ ಮಾಡಿದ್ರಿ. ನಿಮ್ಮ ಮಾತಿನ ಮ್ಯಾಲ ಒಂದು ಚೌಕದಾಗ ಅದು ಬಂತು. ಆ ಚೌಕದಾಗ ಬರದವರ ಹೆಸರೈತಿ, ಒಂದೆರಡು ಸಾಲು ಐತಿ. ತಾರೀಖು ಎಲ್ಲೈತ್ರಿ? ಇಲ್ಲ!

2019ರ ಆಗಸ್ಟ್ ನೆನಪ ಮಾಡ್ಕೊಳ್ರಿ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೆ ಬಂದಿದ್ವು. ಗೋಕಾಕದ ಹತ್ತಿರ ಲೋಳಸೂರ ಸೇತುವೆ ಮುಳುಗಿತ್ತು. ಅವತ್ತಿನ "ಲೋಳಸೂರ ಸೇತುವೆ ಮುಳುಗೇತಿ, ಈ ಕಡೆ ಬರಬ್ಯಾಡ್ರಿ" ಅನ್ನೋ ಮೆಸೇಜಿಗೆ, ಜಿಟಿಜಿಟಿ ಮಳಿ ಹಿಡದ ಜುಲೈ ದಿನದಾಗ ಯಾರೋ "ದೇವರs ಕಾಪಾಡಬೇಕು" ಅಂತ ರಿಪ್ಲೈ ಮಾಡಿದ್ರು ಅಂತ ಇಟ್ಕೊಳ್ರಿ. ಹೆಸರು ಪರಿಚಯದವರದು, ಹೊರಗ ಮಳಿನೂ ಐತಿ. ನಂಬಲಾರದೆ ಇರತಾರೇನ್ರಿ? ದವಾಖಾನಿಗೆ ಹೊಂಟವರು ಸುತ್ತು ಹಾಕಿ ಹೋಗತಾರ. ಕೆಟ್ಟ ಉದ್ದೇಶ ಯಾರದೂ ಇಲ್ಲ, ತಾರೀಖು ಇರಲಿಲ್ಲ ಅಷ್ಟ. ಅದೂ ಅಲ್ಲದೆ, ಆಮ್ಯಾಲ ಗ್ರೂಪಿಗೆ ಸೇರಿದವರ ಫೋನಿನಾಗ ಆ ಹಳೇ ಮಾತುಕತಿ ಸಾಮಾನ್ಯವಾಗಿ ಇರೂದೇ ಇಲ್ಲ. ಅವರಿಗೆ ಕಾಣೂದು ಆ ಚೌಕ ಒಂದೇ.

ಅದಕ್ಕ ಹಳೇ ಮಾತು ತೆಗಿಯೋರು ಮೊದಲ ಸಾಲಿನಾಗೇ ಬರೀಬೇಕು: "ಇದು 2019ರದು." ಇಷ್ಟು ಬರದ್ರ ಅರ್ಧ ಜಗಳ ಹುಟ್ಟೂದೇ ಇಲ್ಲ.

ಈಗ ಗೊಣ್ಣಿ ಹುಳಕ್ಕ ಬರೂಣು, ಯಾಕಂದ್ರ ಇದರಾಗ ಇನ್ನೊಂದು ದೊಡ್ಡ ವಿಷಯ ಐತಿ. ಆ ರೈತರು ನನಗ ಕಳಿಸಿದ 2019ರ ಉತ್ತರ ಏನಂದ್ರ, "ಕಬ್ಬಿನ ಸಾಲಿಗೆ ಫೋರೇಟ್ ಹರಳು ಹಾಕ್ರಿ." ಅವತ್ತಿಗೆ ಅದು ಸರಿಯಾದ ಉತ್ತರ. ಆದ್ರ ಕೇಂದ್ರ ಕೃಷಿ ಸಚಿವಾಲಯ 2018ರಾಗ 18 ಕೀಟನಾಶಕ ನಿಷೇಧ ಮಾಡಿ ಆದೇಶ ಹೊರಡಿಸಿತು. ಅದರಾಗ ಫೋರೇಟ್ ಸೇರಿ ಆರು ಔಷಧಕ್ಕ 2020ರ ಡಿಸೆಂಬರ್ 31ರ ತನಕ ಗಡುವಿತ್ತು. ಗಡುವು ಮುಗದೈತಿ. ಅಂದ್ರ "ಮ್ಯಾಲ ಹೋಗಿ ನೋಡಪಾ" ಅಂದವರು, ತಮಗ ಗೊತ್ತಿಲ್ಲದಂಗ, ನಿಷೇಧ ಆದ ವಿಷದ ಕಡೆ ಕೈ ತೋರಿಸ್ಯಾರ.

ಇಂಥಾ ಹೊತ್ತಿನಾಗ ಹಳೇ ಮೆಸೇಜಿಗೆ ರಿಪ್ಲೈ ಮಾಡೂದು ಕೆದರೂದಲ್ರಿ. ಮಾಡಲೇಬೇಕು. ಮುಂದ ಹುಡುಕಿಕೊಂಡು ಬರೋರು ಅದೇ ಮೆಸೇಜಿಗೆ ಬಂದು ನಿಲ್ಲತಾರ, ಹಂಗಾಗಿ ತಿದ್ದುಪಡಿನೂ ಅದಕ್ಕೇ ಅಂಟಿರಬೇಕು. ಬರದವರಿಗೆ "ನೀ ತಪ್ಪು ಹೇಳಿದ್ದಿ" ಅನ್ನಬ್ಯಾಡ್ರಿ, ಅವರು ತಪ್ಪು ಹೇಳಿಲ್ಲ. ನಾನಾದ್ರ ಹಿಂಗ ಬರೀತಿದ್ದೆ.

[ಪರದೆ ಮೇಲೆ: ಮಾದರಿ ಮೆಸೇಜ್]

"ಎಲ್ಲಾರಿಗೂ ನಮಸ್ಕಾರ. ಇದು 2019ರ ಮೆಸೇಜ್. ಇದರಾಗ ಹೇಳಿದ ಫೋರೇಟ್ 2020ರ ಡಿಸೆಂಬರ್ 31ರಿಂದ ನಿಷೇಧ ಆಗೇತಿ, ಯಾರೂ ಹಾಕಬ್ಯಾಡ್ರಿ. ಗೊಣ್ಣಿ ಹುಳ ಕೊಲ್ಲೋ ಮೆಟಾರೈಜಿಯಂ ಶಿಲೀಂಧ್ರದ ಪುಡಿ ಕೊಟ್ಟಿಗೆ ಗೊಬ್ಬರದಾಗ ಕಲಸಿ ಹಾಕಿದವರು ಇದ್ರ ಹೆಂಗಾತು ಹೇಳ್ರಿ. ಮಳಿಗಾಲ ಮುಗದ ಮ್ಯಾಲ ನಮ್ಮ ಹೊಲದಾಗ ಏನಾತು ಅಂತ ನಾನೂ ಇಲ್ಲೇ ಬರೀತೀನಿ."

ಆ ಕೊನೇ ಸಾಲು ನನಗ ಎಲ್ಲಾದಕ್ಕಿಂತ ಮುಖ್ಯ. ನಮ್ಮ ಗ್ರೂಪುಗಳಾಗ ಕೇಳೋರು ನೂರು ಮಂದಿ, ಉತ್ತರ ಕೊಡೋರು ಹತ್ತು ಮಂದಿ, "ನೀವು ಹೇಳಿದ್ದು ಮಾಡಿದೆ, ಹಿಂಗಾತು" ಅಂತ ತಿರುಗಿ ಬಂದು ಹೇಳೋರು ಇಲ್ಲವೇ ಇಲ್ಲ ಅನ್ನಬೇಕು. ಹೆಚ್ಚಂದ್ರ "ಸರಿ ಆತ್ರಿ, ಧನ್ಯವಾದ." ಹೆಂಗ ಸರಿ ಆತು? ಅದನ್ನ ಹೇಳ್ರಲ್ಲ! ಹಳೇ ಚರ್ಚೆಗೆ ಮತ್ತ ಬರಾಕ ಇದಕ್ಕಿಂತ ಚೊಲೋ ಕಾರಣ ನನಗ ಗೊತ್ತಿಲ್ಲ. ಒಂದು ವರ್ಷ ಆಗಲಿ, ಮೂರು ವರ್ಷ ಆಗಲಿ, ಬಂದು ಹೇಳ್ರಿ. ಅದಕ್ಕ ಬೈಯೋರು ಇದ್ರ ಅವರಿಗೆ ಈ ವಿಡಿಯೋ ಕಳಸ್ರಿ.

ಹಂಗಾಮಿನ ಮಾತೂ ಐತಿ. ಗೊಣ್ಣಿ ಹುಳದ ದುಂಬಿ ಮುಂಗಾರಿನ ಮೊದಲ ಮಳಿಗೆ ಮಣ್ಣಿನಿಂದ ಎದ್ದು ಸಂಜಿಗೆ ಬೇವು, ಜಾಲಿ ಗಿಡಕ್ಕ ಬಂದು ಕುಂದರತಾವ. ಟೊಂಗಿ ಅಲ್ಲಾಡಿಸಿ ಉದುರಿಸಿ ಕೊಲ್ಲಾಕ ಅದೇ ವೇಳೆ. ಬೇರು ತಿಂದು ಕಬ್ಬು ಒಣಗಿದ ಮ್ಯಾಲ ಸೆಪ್ಟೆಂಬರ್‌ನಾಗ ಚರ್ಚೆ ತಗದ್ರ ಬರೇ ಸಂಕಟ ಹಂಚಿಕೊಂಡಂಗ. ಮೇ ತಿಂಗಳಾಗ ತಗದ್ರ ಮಂದಿಗೆ ಉಪಯೋಗ.

ವೇಳೆ ಮುಗೀತಾ ಬಂತು, ಉಳದದ್ದು ಲಗೂ ಹೇಳಿಬಿಡತೀನಿ. ಹಳೇ ಮೆಸೇಜಿನಾಗ ಫೋನ್ ನಂಬರ್ ಇದ್ರ ನೇರ ಹಚ್ಚಬ್ಯಾಡ್ರಿ, ಮೊದಲು ಗ್ರೂಪಿನಾಗ ಕೇಳ್ರಿ. ಬಂದ್ ಆದ ನಂಬರ್ 90 ದಿನ ಕಳದ ಮ್ಯಾಲ ಬ್ಯಾರೆಯವರಿಗೆ ಹೋಗಬಹುದು. ಮುಗದ ಜಗಳ ತೆಗಿಯಾಕ ಹೋಗಬ್ಯಾಡ್ರಿ, ಅದೂ ಚುನಾವಣಿ ವೇಳೆಯ ಜಗಳ. ಆಣೆಕಟ್ಟಿನ ಹಿನ್ನೀರಿಗೆ ಹೊಲ-ಮನಿ ಹೋದವರ ಮುಳುಗಡೆ ಪರಿಹಾರದ ಚರ್ಚೆ ಬ್ಯಾರೆ, ಅದು ಮುಗದೇ ಇಲ್ಲ. ಸರ್ಕಾರ ದರ ಬದಲಿಸಿದಾಗೆಲ್ಲಾ ಅದು ಮ್ಯಾಲ ಬರಬೇಕು. ಕೇಳೂದು ಪೂರ್ತಿ ಬ್ಯಾರೆ ಇದ್ರ ಹೊಸದಾಗಿ ಕೇಳ್ರಿ, "ಹಳೇದು ಓದೀನಿ, ನನ್ನ ಹೊಲದ್ದು ಹಿಂಗೈತಿ" ಅಂತ ಒಂದು ಸಾಲು ಸೇರಿಸಿ.

ಮತ್ತ ಒಂದು. ಹಳೇ ಮೆಸೇಜ್ ಬರದವರು ಈಗ ಅದಾರೋ ಇಲ್ಲೋ ಅನ್ನೂದನ್ನ ಊರಿನವರ ಹತ್ತಿರ ತಿಳ್ಕೊಂಡು ರಿಪ್ಲೈ ಮಾಡ್ರಿ. ಎಷ್ಟೋ ಮನಿಯೊಳಗ ತೀರಿಕೊಂಡವರ ಫೋನ್ ಮಗಳ ಹತ್ತಿರನೋ ಹೆಂಡತಿ ಹತ್ತಿರನೋ ಚಾಲೂ ಇರತೈತಿ. "ಕಾಕಾ, ಆ ಬೀಜ ಎಲ್ಲಿ ತಂದಿದ್ರಿ?" ಅನ್ನೋ ಮೆಸೇಜ್ ಆಕಿ ಕೈಯಾಗ ಬಂದು ಬೀಳತೈತಿ. ಅಡ್ಮಿನ್ ಆದವರು ಅಂಥಾ ಹಿರೇರ ಉಪಯುಕ್ತ ಮಾತುಗಳನ್ನ ಹೆಸರು, ತಾರೀಖಿನ ಸಮೇತ ಒಂದು ಕಡೆ ಬರದಿಡ್ರಿ. ಯಾರಾದ್ರೂ ಕೇಳಿದ್ರ "ಮ್ಯಾಲ ನೋಡಪಾ" ಅನ್ನೂದರ ಬದಲು ಅದನ್ನ ಕಳಸ್ರಿ. ಬರತೀನ್ರಿ, ನಮಸ್ಕಾರ.