ಪಾದಗಳ ನಡುವೆ ಕೊಡಲಿ

ಕೇಳುಗರಿಗೆ ನಮಸ್ಕಾರ.

ದಿಮ್ಮಿ ತುಂಡರಿಸುವಾಗ ನಾವು ಅದರ ಪಕ್ಕದಲ್ಲಿ ನಿಲ್ಲುತ್ತೇವೆ. ಬಾಸ್ಕ್ ನಾಡಿನವರು ದಿಮ್ಮಿಯ ಮೇಲೆಯೇ ಹತ್ತಿ, ಕಾಲು ಅಗಲಿಸಿ, ಎರಡು ಪಾದಗಳ ನಡುವಿನ ಜಾಗಕ್ಕೇ ಕೊಡಲಿ ಹಾಕುತ್ತಾರೆ. ಸ್ಪೇನಿನ ಉತ್ತರ ಅಂಚಿಗೂ ಫ್ರಾನ್ಸಿನ ನೈಋತ್ಯ ಮೂಲೆಗೂ ಹರಡಿದ ಗುಡ್ಡಗಾಡು ಅದು. ಅಲ್ಲಿ ಕೊಡಲಿಗೆ ಐಸ್ಕೊರಾ, ದಿಮ್ಮಿ ಕಡಿಯುವ ಈ ಪಂದ್ಯದ ಆಟಗಾರನಿಗೆ ಐಸ್ಕೊಲಾರಿ ಎಂದು ಹೆಸರು.

ಕಬ್ಬಿಣದ ಕುಲುಮೆಗೆ ಇದ್ದಿಲು, ಹಡಗಿಗೆ ಮರ ಒದಗಿಸುತ್ತಿದ್ದ ಕಾಡಿನ ಕೂಲಿಗಳ ಕೆಲಸವೇ ಪಂಥವಾಗಿ, ಊರಿನ ಚೌಕಕ್ಕೂ ಗೂಳಿ ಕಾಳಗದ ಅಖಾಡಕ್ಕೂ ಬಂದಿತು. ಜೊತೆಗೆ ಬಾಜಿಯೂ ಬಂದಿತು, ಕೇಳಬೇಕೆ!

ಮರ ಸಾಮಾನ್ಯವಾಗಿ ಬೀಚ್ ಎಂಬ ಯುರೋಪಿನ ಕಾಡುಮರ. ಎಳೆ ಒಂದೇ ಸಮ, ಗಂಟು ಕಡಿಮೆ. ಆದರೆ ಹಸಿಯಾಗಿರಬೇಕು, ಒಣಗಿದರೆ ಅದೇ ಮರ ಅಲಗನ್ನು ತಿನ್ನುತ್ತದೆ. ದಿಮ್ಮಿಯನ್ನು ಸುತ್ತಳತೆಯಿಂದ ಗುರುತಿಸುತ್ತಾರೆ, ಒಂತ್ಸಾ ಎಂಬ ಹಳೆಯ ಅಂಗುಲದ ಲೆಕ್ಕದಲ್ಲಿ. ಒಂದು ಒಂತ್ಸಾ ಸುಮಾರು 2.3 ಸೆಂಟಿಮೀಟರ್. 45ರದ್ದು, 60ರದ್ದು, 72ರದ್ದು, ಎದೆಗಾರಿಕೆ ಇದ್ದವರಿಗೆ 108ರದ್ದು. 60ರ ದಿಮ್ಮಿಯ ಸುತ್ತಳತೆ ಹೆಚ್ಚುಕಡಿಮೆ 140 ಸೆಂಟಿಮೀಟರ್, ಅಡ್ಡಗಲ 44. ಈ ಅಂಕಿ ಮೋಸ ಮಾಡುತ್ತದೆ. 45ರಿಂದ 60ಕ್ಕೆ ಹೋದಾಗ ಸುತ್ತಳತೆ ಮೂರನೇ ಒಂದು ಪಾಲು ಹೆಚ್ಚುತ್ತದೆ ಅಷ್ಟೆ. ಕಡಿಯಬೇಕಾದ ಮುಖ ಮಾತ್ರ ಮುಕ್ಕಾಲು ಪಾಲಿಗೂ ಮೀರಿ ಹಿಗ್ಗುತ್ತದೆ. ಇಬ್ಬರು ಎದುರಾಳಿಗಳಿಗೂ ಸರಿಸಮನಾದ ದಿಮ್ಮಿಗಳನ್ನು ಜೋಡಿಸಿ, ಯಾರಿಗೆ ಯಾವುದೆಂದು ಚೀಟಿ ಎತ್ತುವುದು ವಾಡಿಕೆ.

ಇನ್ನು ಕಡಿತ. ನಿಮ್ಮ ಎರಡು ಅಂಗೈಗಳ ಬುಡ ಜೋಡಿಸಿ, ಬೆರಳುಗಳನ್ನು ದೂರ ಮಾಡಿ ಹಿಡಿಯಿರಿ. ಕೊಡಲಿ ಕೊರೆಯಬೇಕಾದ ಕಚ್ಚು ಅದೇ ಆಕಾರದ್ದು. ಒಂದು ಏಟು ಎಡ ಇಳಿಜಾರಿಗೆ, ಒಂದು ಬಲಕ್ಕೆ, ಓರೆಯಾಗಿ. ದಿಮ್ಮಿಯ ನಡುವಿನವರೆಗೆ ಹೋದ ಮೇಲೆ ಅಲ್ಲೇ ಮೇಲೆ ತಿರುಗಿ ನಿಂತು ಇನ್ನೊಂದು ಮಗ್ಗುಲಿನಿಂದ ಅಷ್ಟೇ ಆಳ. ಎರಡು ಕಚ್ಚುಗಳ ತಳ ಎದುರುಬದುರು ಬಂದರೆ ದಿಮ್ಮಿ ಎರಡಾಗುತ್ತದೆ. ಒಂದೆರಡು ಬೆರಳು ತಪ್ಪಿದರೂ ನಡುವೆ ಒಂದು ನಾಲಿಗೆ ಉಳಿದುಬಿಡುತ್ತದೆ. ಅದನ್ನು ಕತ್ತರಿಸಲು ಅಲಗಿಗೆ ಸರಿಯಾದ ಕೋನ ಸಿಗದು, ಏಟುಗಳು ದಂಡ.

ಕಚ್ಚಿನ ಬಾಯಿ ಕಿರಿದಾದರೆ ಇನ್ನೊಂದು ಪೀಕಲಾಟ: ಆಳಕ್ಕೆ ಹೋದಂತೆ ಚಕ್ಕೆ ಹೊರಬೀಳದೆ ಒಳಗೇ ಸಿಕ್ಕಿಕೊಳ್ಳುತ್ತದೆ, ಅಲಗೂ ಕಚ್ಚಿಕೊಳ್ಳುತ್ತದೆ. ನೆಟ್ಟಗೆ ಹೊಡೆದರೂ ಅದೇ ಪಾಡು. ಬಾಯಿ ಅತಿ ಅಗಲವಾದರೋ, ಬೇಡದ ಮರವನ್ನು ಕಡಿದು ಬೆವರು ಸುರಿಸಿದಂತೆ. ಹಾಗಾಗಿ ಬಲ್ಲವರು ತೋಳು ನೋಡುವುದಿಲ್ಲ, ಚಕ್ಕೆ ನೋಡುತ್ತಾರೆ. ಅಂಗೈಯಷ್ಟು ದಪ್ಪ ಚಕ್ಕೆ ಹಾರುತ್ತಿದ್ದರೆ ಲೆಕ್ಕ ಸರಿಯಿದೆ. ಪುಡಿಪುಡಿ ಉದುರುತ್ತಿದ್ದರೆ ಆತ ಒಂದೇ ಗೆರೆಗೆ ಎರಡು ಸಲ ಹೊಡೆಯಲಾಗದೆ ದಣಿದಿದ್ದಾನೆ.

ದಣಿವೇ ಇಲ್ಲಿನ ನಿಜವಾದ ಎದುರಾಳಿ. ಆಸ್ಟ್ರೇಲಿಯಾದ ಪಂದ್ಯಗಳಲ್ಲಿ ಒಂದು ದಿಮ್ಮಿ, ಕೆಲವೇ ಕ್ಷಣಗಳ ಆಟ. ಬಾಸ್ಕರ ಸಾಂಪ್ರದಾಯಿಕ ಪಂಥದಲ್ಲಿ ದಿಮ್ಮಿಗಳು ಸಾಲಾಗಿ ಕಾದಿರುತ್ತವೆ. ಒಂದು ಮುಗಿಯಿತೋ ಮುಂದಿನದಕ್ಕೆ ಜಿಗಿತ, ಗಡಿಯಾರ ನಿಲ್ಲುವುದಿಲ್ಲ. ಮೊದಲ ಎರಡು ದಿಮ್ಮಿಗೆ ಜನರ ಚಪ್ಪಾಳೆ ಗಿಟ್ಟಿಸಿ, ಆರನೆಯದರಲ್ಲಿ ಉಸಿರು ಕಳೆದುಕೊಂಡವರಿಗೆ ಲೆಕ್ಕವಿಲ್ಲ.

ಅದಕ್ಕೇ ಬೊಟಿಲೆರೊ ಎಂಬ ಸಹಾಯಕ ಬೇಕು. ಹೆಸರು ಬಾಟಲಿಯಿಂದ ಬಂದದ್ದು, ನೀರು ಕುಡಿಸುವವನು ಎಂದು. ಆದರೆ ಅವನ ಅಸಲಿ ಕೆಲಸ ಕಣ್ಣಿನದು. ಮೇಲೆ ನಿಂತವನಿಗೆ ಕಚ್ಚಿನ ತಳ ಸರಿಯಾಗಿ ಕಾಣದು. ಪಕ್ಕದಲ್ಲಿ ಬಗ್ಗಿರುವವನು ಮುಂದಿನ ಏಟು ಎಲ್ಲಿ ಬೀಳಬೇಕೆಂದು ತೋರಿಸುತ್ತಾನೆ, ವೇಗ ಹೆಚ್ಚಿಸು, ತಗ್ಗಿಸು ಎನ್ನುತ್ತಾನೆ. ಒಳ್ಳೆಯ ಬೊಟಿಲೆರೊ ಅರ್ಧ ಪಂದ್ಯ ಗೆಲ್ಲಿಸುತ್ತಾನೆ ಎಂದರೆ ಉತ್ಪ್ರೇಕ್ಷೆಯಲ್ಲ.

ಕೊಡಲಿ ಹಿಂದೆ ಊರ ಕಮ್ಮಾರನದಾಗಿತ್ತು. ಗಿಪುಸ್ಕೊಆ ಪ್ರಾಂತ್ಯದ ಉರ್ನಿಯೆತಾದ ಕೊಡಲಿಗಳಿಗೆ ಹೆಸರಿತ್ತು. ಈಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಾದರಿಯ ಅಗಲ ಅಲಗು ಅದನ್ನು ಹಿಂದಿಕ್ಕಿದೆ. ಪಂದ್ಯಕ್ಕೆ ಒಂದೇ ಕೊಡಲಿ ತರುವವನು ಹೆಡ್ಡ. ನುಣುಪು ಮರಕ್ಕೆ ತೆಳುವಾಗಿ ಮಸೆದದ್ದು, ಗಂಟಿನ ಮರಕ್ಕೆ ಅಂಚು ದಪ್ಪಗಿರುವುದು. ತೆಳು ಅಲಗನ್ನು ಗಂಟಿಗೆ ಹೊಡೆದರೆ ಬಾಯಿ ಮುಕ್ಕಾಗುತ್ತದೆ, ಮುಕ್ಕಾದ ಜಾಗ ಆಮೇಲಿನ ಪ್ರತಿ ಏಟಿನಲ್ಲೂ ಎಳೆಯನ್ನು ಕತ್ತರಿಸದೆ ಹರಿಯುತ್ತದೆ.

ಎಪ್ಪತ್ತರ ದಶಕದಲ್ಲಿ ನವಾರ್ರಾ ಪ್ರಾಂತ್ಯದ ಮಿಕೆಲ್ ಮಿಂದೆಗಿಯಾ, ಇತ್ತೀಚೆಗೆ ಐತ್ಸೊಲ್ ಅತುತ್ಶಾ ಮತ್ತು ಇಕೆರ್ ವಿಸೆಂತೆ ಈ ಆಟದ ದೊಡ್ಡ ಹೆಸರುಗಳು. ಹೆಂಗಸರೂ ಈಗ ಸ್ಪರ್ಧಿಸುತ್ತಾರೆ. ಜುಲೈಯಲ್ಲಿ ಅದೇ ನವಾರ್ರಾದ ಪಾಂಪ್ಲೋನಾ ನಗರದ ಸಾನ್ ಫೆರ್ಮಿನ್ ಹಬ್ಬಕ್ಕೆ ಹೋಗುವವರು ಗೂಳಿ ಓಟ ನೋಡಿ ಹಿಂತಿರುಗಬೇಡಿ. ಫುಎರೊಸ್ ಚೌಕದಲ್ಲಿ ಹಳ್ಳಿಯಾಟಗಳು ನಡೆಯುತ್ತವೆ. ಮುಂದಿನ ಸಾಲು ಸಿಕ್ಕರೆ ಒಳ್ಳೆಯದು, ಆದರೆ ಚಕ್ಕೆ ಹಾರುವ ದಿಕ್ಕು ನೋಡಿಕೊಂಡು ಕೂರಿ.